ಬಿಸ್ಕತ್ತಿನ ಗೂಡ್ಸ್ ಗಾಡಿ

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಕೆನ್ನೆ ಹಿಡಿದು ಕೂತಿದ್ದ ಟೈಲರಮ್ಮ, ಪಕ್ಕದ ಗಂಡ ಹೆಂಡತಿಯ ಮಾತಿಗೆ ಕಿವಿಗೊಟ್ಟು ನೋವನ್ನೇ ಮರೆತಳು.

“ಮನೆಯಿಡೀ ನಿಮ್ಮ ಆಟದ ರೈಲು. ಹಳಿ ದಾಟಿ ದಾಟಿ ನನ್ನ ಮಂಡಿ ಸವೆದುಹೋಯ್ತು. ಪೂರ್ತಿ ಬಿಚ್ಚಿ, ಗೋಡೆ ಮೇಲೆ ಹಲಗೆ ಹಾಕಿ ಹೊಸದಾಗಿ ಕಟ್ಟಿ.”

“ಬಿಚ್ಚಿದ್ರೆ ಮತ್ತೆ ಕಟ್ಟೋಕೆ ಒಂದು ವರ್ಷ ಹಿಡಿಯುತ್ತೆ ಕಣೇ.”

“ಹಿಡೀಲಿ. ಅಲ್ಲೀತನಕ ಜಗಳ ಆದಾಗ ಏನ್ಮಾಡ್ತೀರಿ?”

“ಜಗಳಕ್ಕೂ ರೈಲಿಗೂ ಏನೇ ಸಂಬಂಧ?”

“ಜಗಳ ಆದಾಗೆಲ್ಲ ಗೂಡ್ಸ್ ಗಾಡೀಲಿ ಬಿಸ್ಕತ್ತಿಟ್ಟು ಅಡುಗೆಮನೆಗೆ ಕಳಿಸ್ತೀರಲ್ಲ. ಇನ್ಮೇಲೆ ಬಾಯಿಬಿಟ್ಟು ತಪ್ಪಾಯ್ತು ಅನ್ಬೇಕು.”

ಒಳಗಿನಿಂದ ನರ್ಸ್ ಗಂಡನನ್ನು ಕರೆದಳು.

“ಬೇಕಾದ್ರೆ ಹಲ್ಲೆಲ್ಲಾ ಕೀಳಿಸ್ಕೋತೀನಿ,” ಎನ್ನುತ್ತ ಅವನು ಎದ್ದ. “ಹಳಿ ಮಾತ್ರ ಕೀಳಲ್ಲ.”

“ಹಾಗಾದ್ರೆ ನಿನ್ನೆ ಜಗಳದ ಬಿಸ್ಕತ್ತು ಇನ್ನೂ ಬಂದಿಲ್ಲ, ಮನೆಗೆ ಹೋದ್ಮೇಲೆ ಕಳಿಸಿ,” ಎನ್ನುತ್ತ ಅವಳೂ ಹಿಂದೆಯೇ ಹೋದಳು.