ಟೀಚರ್ ಹೇಳಿದ್ದು

ಇಲ್ಲ, ಕೂರಲ್ಲ. ಕೂತ್ರೆ ನೀನು ತಿನ್ನೋಕೆ ಏನಾದ್ರೂ ತರಿಸ್ತೀಯ, ಮಾತು ಅಲ್ಲಿಗೇ ಮುಗಿಯುತ್ತೆ. ನಿಂತೇ ಹೇಳ್ತೀನಿ. ಮೊದಲು ಆ ಇಸ್ತ್ರಿ ಯಂತ್ರ ಆರಿಸಪ್ಪ! ಅದರ ಬುಸ್ ಬುಸ್ ಸದ್ದಲ್ಲಿ ನನಗೇ ನನ್ನ ಮಾತು ಕೇಳಿಸ್ತಿಲ್ಲ... ಆರಿಸು ಅಂದೆ ತಾನೆ? ಬಿಡು ಆ ಕೋಟು. ಆಸ್ಪತ್ರೆಯವರು ನಾಳೆ ತಗೊಂಡು ಹೋಗ್ತಾರೆ. ಒಂದು ದಿನ ಡಾಕ್ಟರು ಸುಕ್ಕು ಕೋಟು ಹಾಕ್ಕೊಂಡ್ರೆ ಯಾವ ರೋಗೀನೂ ಸಾಯಲ್ಲ.

ಹಾಂ. ಎಲ್ಲಿದ್ದೆ ನಾನು? ನೋಡು, ಮರೆತೇಬಿಟ್ಟೆ. ನಗಬೇಡ! ಇದನ್ನೇ ಹೇಳೋಕೆ ಬಂದಿದ್ದು. ಇದಕ್ಕೊಂದು ಹೆಸರಿದೆಯಂತೆ. ಎ.ಡಿ.ಎಚ್.ಡಿ. ಗಾಬರಿ ಬೀಳಬೇಡ, ಕಾಯಿಲೆ ಅಲ್ಲ. ನನ್ನ ಮಿದುಳು ಇರೋದೇ ಹಾಗೆ. ಹುಟ್ಟಿದಾಗಿಂದ. ಗಮನ ಒಂದು ಕಡೆ ನಿಲ್ಲಲ್ಲ, ನಿಂತ್ರೆ ಅಲ್ಲಿಂದ ಕೀಳೋಕಾಗಲ್ಲ. ಮೂರು ವಾರ ಪರೀಕ್ಷೆ ಮಾಡಿ ಹೇಳಿದ್ರು. ಯಾರು? ಡಾಕ್ಟರೇ! ನಿನ್ನ ದೇವರುಗಳೇ, ಬಿಳಿ ಕೋಟಿನವರು!

ಮೂವತ್ತೆರಡು ವರ್ಷ, ಅಪ್ಪ. ಮೂವತ್ತೆರಡು. ಅಷ್ಟೂ ವರ್ಷ ನಾನು ಏನಾಗಿದ್ದೆ ಈ ಮನೇಲಿ? ಸೋಮಾರಿ. ಬಾಲ ಸುಟ್ಟ ಬೆಕ್ಕು. ಕಣ್ಣು ಬಿಟ್ಕೊಂಡೇ ನಿದ್ದೆ ಮಾಡೋಳು. ಬ್ಯಾಗ್ ಬಸ್ಸಲ್ಲಿ ಬಿಟ್ಟು ಬಂದ್ರೆ ಕೊಬ್ಬು. ಬೂಟು ಅದಲು ಬದಲು ಹಾಕ್ಕೊಂಡ್ರೆ ಬೇಕೂಂತ್ಲೇ. 'ಊರು ಬಿಟ್ಟು, ಮೇಷ್ಟ್ರು ಕೆಲಸ ಬಿಟ್ಟು, ಈ ದೇಶಕ್ಕೆ ಬಂದು ಕಂಡೋರ ಬಟ್ಟೆ ಒಗೀತಿರೋದು ಯಾರಿಗೋಸ್ಕರ?' ಒಂದು ದಿನಾನಾದ್ರೂ ತಪ್ಪಿಸಿದ್ಯಾ ಆ ಮಂತ್ರ? ಇದೇ ಕೋಟುಗಳ ಮಧ್ಯೆ ನನ್ನ ನಿಲ್ಲಿಸಿ 'ಡಾಕ್ಟ್ರಮ್ಮ, ನಿನ್ನ ಕೋಟು ಯಾವಾಗ ಬರುತ್ತೆ ಇಸ್ತ್ರಿಗೆ?' ಅಂತಿದ್ದೆ. ನಾನು ಹಲ್ಲು ಕಿರೀತಿದ್ದೆ. ಆಮೇಲೆ ಕೋಟುಗಳ ಹಿಂದೆ ಬಚ್ಚಿಟ್ಕೋತಿದ್ದೆ.

ಏನು ತಲೆ ಆಡಿಸ್ತೀಯ? ಮಾಡ್ಲಿಲ್ವಾ? ಅಗೋ, ಆ ಮೂಲೇಲಿತ್ತು ಕುರ್ಚಿ. ಕಾಲು ಆಡಿಸ್ತೀನಿ ಅಂತ ಬಟ್ಟೆ ಗಂಟಿನ ದಾರ ತಗೊಂಡು ನನ್ನ ಕಾಲನ್ನ ಕುರ್ಚಿ ಕಾಲಿಗೆ ಕಟ್ಟಿದೆ. ಹದಿನೇಳರ ಮಗ್ಗಿ ತಪ್ಪಿಲ್ಲದೆ ಹೇಳೋವರೆಗೂ ಬಿಚ್ಚಲಿಲ್ಲ. ನಿನ್ನ ಹತ್ರ ಪಾಠ ಕಲಿತೋರೆಲ್ಲ ಕಣ್ಣುಮುಚ್ಚಿ ಹೇಳ್ತಿದ್ರಂತೆ ಹದಿನೇಳರ ಮಗ್ಗಿ! ನಾನು ಕೂತಲ್ಲೇ ಒದ್ದೆ ಮಾಡ್ಕೊಂಡೆ. ನೆನಪಿದೆಯಾ? ಅಮ್ಮ ಕೌಂಟರಲ್ಲಿದ್ದಾಳೆ, ಕೇಳಿಸಿದ್ರೆ ಕೇಳಿಸಲಿ. ಅವಳಿಗೆ ನೆನಪಿದೆ. ನೆಲ ಒರೆಸಿದ್ದು ಅವಳೇ.

ಮೆಡಿಕಲ್ ಎರಡನೇ ವರ್ಷಕ್ಕೆ ಬಿಟ್ಟು ಬಂದಾಗ ಆರು ತಿಂಗಳು ನೀನು ನನ್ನ ಮುಖ ನೋಡ್ಲಿಲ್ಲ. ಈಗ್ಲೂ ನೆಂಟರು ಫೋನ್ ಮಾಡಿದ್ರೆ 'ಮಗಳು ಇಂಜಿನಿಯರು' ಅಂತೀಯ. ಲಿಫ್ಟ್ ರಿಪೇರಿ ಮಾಡ್ತಾಳೆ ಅಂದ್ರೆ ನಾಲಿಗೆ ಬಿದ್ದು ಹೋಗುತ್ತಾ? ಹದಿನಾಲ್ಕನೇ ಮಹಡೀಲಿ ಹಗ್ಗಕ್ಕೆ ಜೋತು ಬಿದ್ದು ಕೆಲಸ ಮಾಡ್ತೀನಿ ಅಪ್ಪ. ಹತ್ತು ವರ್ಷದಲ್ಲಿ ಒಂದು ಸ್ಕ್ರೂ ಮರೆತಿಲ್ಲ. ಒಂದೇ ಒಂದು!

ಬೇಡ. ಕ್ಷಮಿಸು ಗಿಮಿಸು ಏನೂ ಬೇಡ. ಕೈ ಬಿಡು. ಇನ್ನೂ ಮುಗಿದಿಲ್ಲ.

ಡಾಕ್ಟರು ನನ್ನ ಹಳೇ ಸ್ಕೂಲಿಂದ ಕಡತ ತರಿಸಿದ್ರು. ನೆನ್ನೆ ಕೈಗೆ ಕೊಟ್ರು. ಕೇಳು, ಓದ್ತೀನಿ. ನನಗೆ ಹತ್ತು ವರ್ಷ ಆಗ. ನಾವು ಇಲ್ಲಿಗೆ ಬಂದು ಎರಡನೇ ವರ್ಷ. 'ಈ ವಿದ್ಯಾರ್ಥಿನಿಯನ್ನು ತಜ್ಞರಿಗೆ ತೋರಿಸಬೇಕೆಂದು ತಂದೆಗೆ ಖುದ್ದಾಗಿ ತಿಳಿಸಲಾಗಿದೆ.' ಖುದ್ದಾಗಿ! ನಿನಗೆ! ಕನ್ನಡಕದ ಆ ಎತ್ತರದ ಟೀಚರ್, ನಿನ್ನ ಎದುರಿಗೆ ಕೂತು ಬಾಯಿಬಿಟ್ಟು ಹೇಳಿದ್ದಾರೆ. ಮುಂದಿನ ಸಾಲು ಕೇಳು. 'ತಂದೆ ತುಂಬಾ ಸಂತೋಷಪಟ್ಟರು. ಎರಡು ಬಾರಿ ಕೈ ಕುಲುಕಿದರು. ಆದರೆ ಮುಂದೆ ಯಾವ ಕ್ರಮವನ್ನೂ ಕೈಗೊಂಡಿಲ್ಲ.' ಸಂತೋಷ! ಮಗಳ ತಲೆ ಬೇರೆ ಥರ ಇದೆ ಅಂದ್ರೆ ಯಾವ ಅಪ್ಪ ಸಂತೋಷಪಡ್ತಾನೆ? ನಕ್ಕೆಯಂತೆ ನೀನು! ನಕ್ಕು, ಕೈ ಕುಲುಕಿ, ಮನೆಗೆ ಬಂದು, ಅದೇ ವಾರ ನನ್ನ ಕಾಲಿಗೆ ದಾರ...

ಏನು ಹಾಗೆ ನೋಡ್ತಿದೀಯ?

ಮಾತಾಡು. ಇಲ್ಲ ಅನ್ನು. ಬೈ. ಇಷ್ಟು ಹೊತ್ತು ತಲೆ ಆಡಿಸ್ತಿದ್ದೆಯಲ್ಲ, ಈಗ ಆಡಿಸು! ಕಾಗದ ನೋಡು, ನನ್ನ ಮುಖ ಯಾಕೆ ನೋಡ್ತೀಯ... ನೋಡಬೇಡ ಅಪ್ಪ. ಹಾಗೆ ನೋಡಬೇಡ...

ಗೊತ್ತು.

ಗೊತ್ತಿತ್ತು ನನಗೆ. ನೆನ್ನೆ ಓದಿದ ಕ್ಷಣಾನೇ ಗೊತ್ತಾಯ್ತು. ನೆನ್ನೆ ಏನು, ಯಾವಾಗ್ಲೂ ಗೊತ್ತಿತ್ತು. ನಿನಗೆ ಇಲ್ಲಿನ ಭಾಷೆ ಎಲ್ಲಿ ಬರ್ತಿತ್ತು ಆಗ? ಬಸ್ಸಿಳಿಯೋ ಜಾಗ ಕೇಳೋಕೂ ನಾನೇ ಬೇಕಾಗಿತ್ತು. ಮಧ್ಯದಲ್ಲಿ ಕೂತು ಅವರ ಮಾತು ನಿನಗೆ, ನಿನ್ನ ಮಾತು ಅವರಿಗೆ ದಾಟಿಸಿದ್ದು ನಾನು. 'ಟೀಚರ್ ಏನಂತಾರೆ ಪುಟ್ಟಾ?' ಅಂದೆ ನೀನು. ನಾನು ಏನಂದೆ... 'ನಾನು ಕ್ಲಾಸಿಗೇ ಜಾಣೆಯಂತೆ ಅಪ್ಪ. ಇನ್ನೊಂದು ಸ್ವಲ್ಪ ಓದಿದ್ರೆ ಡಾಕ್ಟರ್ ಆಗೋದು ಗ್ಯಾರಂಟಿಯಂತೆ.'

ಹೆದರಿ ಅಲ್ಲ. ಹೆದರಿ ಹೇಳಿದೆ ಅಂದ್ರೆ ನನಗೆ ಸುಲಭ ಆಗ್ತಿತ್ತು. ಮಕ್ಕಳ ಕುರ್ಚಿ ಮೇಲೆ, ಮಂಡಿ ಎದೆಗೆ ತಾಗೋ ಹಾಗೆ ಮುದುಡಿ ಕೂತಿದ್ದೆ ನೀನು. ಇದ್ದ ಒಂದೇ ಒಳ್ಳೆ ಅಂಗಿ ಹಾಕ್ಕೊಂಡು. ಊರಲ್ಲಿ ನಿನ್ನ ಕಂಡ್ರೆ ಇಡೀ ಸ್ಕೂಲು ಎದ್ದು ನಿಲ್ತಿತ್ತು. ಇಲ್ಲಿ ಒಂದು ಅಕ್ಷರ ಅರ್ಥವಾಗದೆ, ಭಿಕ್ಷೆಗೆ ಕಾದೋನ ಹಾಗೆ ನನ್ನ ಬಾಯಿ ನೋಡ್ತಿದ್ದೆ. ಹೇಗೆ ಹೇಳ್ಲಿ? ಆ ಸಂಜೆ ನೀನು ನನ್ನನ್ನ ಹೆಗಲ ಮೇಲೆ ಹೊತ್ತು ಎರಡು ಬಸ್ ಸ್ಟಾಪ್ ದೂರ ನಡೆದೆ. ಎದುರು ಸಿಕ್ಕಿದ ಪೋಸ್ಟ್‌ಮನ್‌ಗೂ ನನ್ನ ತೋರಿಸಿ 'ಡಾಕ್ಟರ್, ಡಾಕ್ಟರ್' ಅಂದೆ. ಮಾರನೇ ದಿನದಿಂದ ಮಗ್ಗಿ. ಜಾಣೆ ಅಲ್ವಾ ನಾನು? ಜಾಣೆ ತಪ್ಪು ಹೇಳಿದ್ರೆ ಅದು ಕೊಬ್ಬೇ!

ಆದ್ರೂ ಸಿಟ್ಟು ಹೋಗಲ್ಲ ಅಪ್ಪ. ಕೇಳಿಸ್ಕೋ, ಹೋಗಲ್ಲ! ಕಾಲು ಕಟ್ಟಿದ್ದು ನೀನೇ. ಅದನ್ನ ಯಾರೂ ನಿನಗೆ ತಪ್ಪಾಗಿ ಹೇಳಿಕೊಟ್ಟಿರ್ಲಿಲ್ಲ.

ಏನು? ಜೋರಾಗಿ ಹೇಳು. ಏನಂದ್ರು ಅಂತಾನಾ? ಟೀಚರ್ ನಿಜವಾಗ್ಲೂ ಏನಂದ್ರು ಅಂತಾನಾ?

...ಸರಿ. ಕೂರು ನೀನು. ನಾನೂ ಕೂರ್ತೀನಿ. ಒಂದೊಂದು ಮಾತೂ ನೆನಪಿದೆ ನನಗೆ, ಎಲ್ಲ ಮರೆಯೋ ನನಗೆ. 'ಈ ಮಗು ದಡ್ಡಿ ಅಲ್ಲ' ಅಂದ್ರು. 'ಸೋಮಾರೀನೂ ಅಲ್ಲ' ಅಂದ್ರು. 'ಕ್ಲಾಸಲ್ಲಿ ಎಲ್ಲರಿಗಿಂತ ಜಾಸ್ತಿ ಕಷ್ಟಪಡ್ತಿದ್ದಾಳೆ, ಕಾಣಿಸ್ತಿಲ್ಲ ಅಷ್ಟೆ. ದಯವಿಟ್ಟು ಮನೇಲಿ ಬೈಬೇಡಿ' ಅಂತ ನಿನ್ನ ಕೇಳ್ಕೊಂಡ್ರು.