ಮೊಟ್ಟೆಗೆ ನೆಟ್ಟ ಕೋಲು

ದ್ವೀಪದಿಂದ ಮರಳುವ ದೋಣಿಗೆ ಕಾಯುತ್ತಾ ಸಾಲಿನಲ್ಲಿ ನಿಂತಿದ್ದ ದರ್ಜಿಯ ಮುಂದೆ ಅಕ್ಕ, ತಮ್ಮ ಇಬ್ಬರು ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಮೆಲುದನಿಯಲ್ಲಿ ಮಾತಾಡುತ್ತಿದ್ದರು. ಬೇಡವೆಂದರೂ ಮಾತು ಅವನ ಕಿವಿಗೆ ಬೀಳುತ್ತಿತ್ತು.

“ಅಂಥ ಅಪರೂಪದ ಹಕ್ಕಿ. ಒಂದು ಮೊಟ್ಟೆನೂ ಉಳೀಲಿಲ್ಲವಲ್ಲೋ.”

“ಮರಳಲ್ಲಿ ಮೊಟ್ಟೆ ಕಾಣಲ್ಲ ಅಕ್ಕ. ಯಾರಾದ್ರೂ ತುಳಿದಾರು ಅಂತ ಪಕ್ಕದಲ್ಲಿ ಕೋಲು ನೆಟ್ಟೆ.”

“ಕಾಗೆ ಬಂದು ಅದೇ ಕೋಲಿನ ಮೇಲೆ ಕೂತಿತು. ನೀನೇ ಕರೆದು ಬಡಿಸಿದ ಹಾಗಾಯ್ತು.”

“ಅನ್ನು, ಇನ್ನೂ ಅನ್ನು.”

“ಹೋಗಲಿ ಬಿಡು. ನಮ್ಮೂರ ಕೆರೆ ದಂಡೇಲೂ ಇದೇ ಹಕ್ಕಿ ಮೊಟ್ಟೆ ಇಟ್ಟಿದೆ ಅಂದೆಯಲ್ಲ, ಅದನ್ನಾದ್ರೂ ಜೋಪಾನ ಮಾಡೋಣ.”

ತಮ್ಮ ಸಮುದ್ರದ ಕಡೆ ಮುಖ ತಿರುಗಿಸಿದ.

“ಅಲ್ಲೂ ನೆಟ್ಟು ಬಂದಿದ್ದೀಯಾ?”

“ಹೊರಡೋ ದಿನ. ಕೆಂಪು ಬಟ್ಟೆ ಬೇರೆ ಕಟ್ಟಿದ್ದೀನಿ.”

“ನಿನ್ನ ಭಾವನಿಗೆ ಫೋನ್ ಮಾಡು. ಹೋಗಿ ಕಿತ್ತು ಹಾಕಲಿ.”

“ಬೆಳಗಿಂದ ಅದೇ ಮಾಡ್ತಿದ್ದೀನಿ. ನಿನ್ನ ಗಂಡನ ಗೊರಕೆ ಮುಂದೆ ಫೋನಿನ ಸದ್ದು ಯಾವ ಲೆಕ್ಕ?”

ದೋಣಿ ದಡ ಮುಟ್ಟಿತು. ಫೋನನ್ನು ಕಿವಿಗೊತ್ತಿಕೊಂಡೇ ತಮ್ಮ ಹತ್ತಿದ. ಅವನ ಚೀಲವನ್ನೂ ಹೊತ್ತು ಅಕ್ಕ ಹಿಂದೆಯೇ ನಡೆದಳು.

“ಬಿಡಬೇಡ, ಮಾಡ್ತಾನೇ ಇರು.”

ತಾನು ಕಂಡೇ ಇರದ ಆ ಭಾವನಿಗೆ ಬೇಗ ಎಚ್ಚರವಾಗಲೆಂದು ದರ್ಜಿ ಮನಸ್ಸಿನಲ್ಲೇ ದೇವರನ್ನು ಬೇಡಿಕೊಂಡ.