ಮೂಲೆಯ ಮೊಳೆಯ ಕೊಂಡಿ

ಹಗ್ಗ ಕಟ್ಟಿಕೊಂಡು ಗೋಡೆ ಹತ್ತುವುದನ್ನು ಕಲಿಸುವ ಹಾಲ್‌ನಲ್ಲಿ ಎಲ್ಲರಿಂದ ದೊಡ್ಡಮ್ಮ ಎಂದು ಕರೆಸಿಕೊಳ್ಳುವ ನಾನು, ವಯಸ್ಸು ಐವತ್ತು, ಕೆಲಸ ಅದೇ ಹಾಲ್‌ನಲ್ಲಿ ಗುಡಿಸಿ ಒರೆಸುವುದು ಮತ್ತು ಚಹಾ ಮಾಡುವುದು, ವಾಸ ಹಾಲ್‌ನ ಹಿಂದಿನ ಬೀದಿಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಮನೆ, ಇಂದು ಯಾರೂ ಕರೆಯದೆ ಠಾಣೆಗೆ ಬಂದು ಬರೆಸುವುದೇನೆಂದರೆ:

ಭಾನುವಾರ ಸಂಜೆ ನಾನು ಇದೇ ಠಾಣೆಯವರಿಗೆ ಕೊಟ್ಟ ಹೇಳಿಕೆ ಸುಳ್ಳು. ಟೈಲರಮ್ಮನ ಮಗಳು ಗೋಡೆಯಿಂದ ಬಿದ್ದಾಗ ನಾನು ಅಡುಗೆಕೋಣೆಯಲ್ಲಿದ್ದೆ, ಏನೂ ನೋಡಿಲ್ಲ ಎಂದಿದ್ದೆ. ನಾನು ಅಡುಗೆಕೋಣೆಯಲ್ಲಿರಲಿಲ್ಲ. ಗೋಡೆಯ ಹತ್ತಿರವೇ ಇದ್ದೆ, ಎಲ್ಲ ನೋಡಿದ್ದೇನೆ. ನೀವು ನಿನ್ನೆಯಿಡೀ ಹೊರಗಿನ ಬೆಂಚಿನ ಮೇಲೆ ಕೂರಿಸಿಕೊಂಡು ವಿಚಾರಿಸಿದ ಸಾಮಾನು ಕೋಣೆಯ ಉಸ್ತುವಾರಿಯವರದು ಇದರಲ್ಲಿ ಯಾವ ತಪ್ಪೂ ಇಲ್ಲ. ಅವರ ಮೇಲೆ ಕೇಸು ಆಗಬಾರದೆಂದು ಇದನ್ನು ಬರೆಸುತ್ತಿದ್ದೇನೆ.

ಹತ್ತುವವರ ಸೊಂಟದ ಪಟ್ಟಿಗೂ ಮೇಲಿನಿಂದ ಬರುವ ಹಗ್ಗಕ್ಕೂ ನಡುವೆ ಒಂದು ಲೋಹದ ಕೊಂಡಿ ಇರುತ್ತದೆ. ಹತ್ತುವುದನ್ನು ಕಲಿಸುವ ಮೇಷ್ಟರು ಅದಕ್ಕೆ ಕ್ಯಾರಬಿನರ್ ಎನ್ನುತ್ತಾರೆ, ಉಳಿದವರು ಲಾಕ್ ಕೊಂಡಿ ಎನ್ನುತ್ತೇವೆ. ಅದರ ಬಾಯಿ ಮುಚ್ಚಿದ ಮೇಲೆ ಒಂದು ತಿರುಪನ್ನು ಸುತ್ತಿ ಬಿಗಿ ಮಾಡಬೇಕು. ತಿರುಪು ಬಿಗಿಯಾಗಿರುವ ತನಕ ಬಾಯಿ ತೆರೆಯುವುದಿಲ್ಲ. ತಿರುಪು ಸವೆದು ಹೋದ ಕೊಂಡಿಗಳಿಗೆ ಉಸ್ತುವಾರಿಯವರು ಕೆಂಪು ಬಣ್ಣ ಬಳಿದು ಬೇರೆ ಡಬ್ಬಕ್ಕೆ ಹಾಕುತ್ತಾರೆ. ಅವು ಮತ್ತೆ ಗೋಡೆಗೆ ಹೋಗುವುದಿಲ್ಲ, ಸಣ್ಣಪುಟ್ಟ ಕೆಲಸಕ್ಕೆ ಇರುತ್ತವೆ. ನನಗೆ ಅಂಥವು ಮೂರು ಕೊಟ್ಟಿದ್ದರು. ಒಂದರಲ್ಲಿ ಬಕೆಟ್‌ಗಳನ್ನು ತೂಗುಹಾಕುತ್ತೇನೆ, ಇನ್ನೊಂದರಲ್ಲಿ ನೀರಿನ ಪೈಪನ್ನು ಸುತ್ತಿ ಗೋಡೆಗೆ ಸಿಕ್ಕಿಸುತ್ತೇನೆ, ಮೂರನೆಯದನ್ನು ಮನೆಗೆ ಒಯ್ದಿದ್ದೆ.

ಉಸ್ತುವಾರಿಯವರನ್ನು ಹಾಲ್‌ನಲ್ಲಿ ಮೌನಿ ಎಂದು ಕರೆಯುತ್ತಾರೆ, ಅವರ ಬಾಯಿ ಒಂದು ಗಳಿಗೆ ಸುಮ್ಮನಿರುವುದಿಲ್ಲ ಎಂಬ ಕಾರಣಕ್ಕೆ. ಕೊಂಡಿ ಕೊಡುವಾಗ ಅವರು ನನಗೆ, ಅಕ್ಕಾ, ಇದು ಆಲೂಗಡ್ಡೆ ಮೂಟೆ ಹೊರ್ಲಿ, ಬೇಕಾದ್ರೆ ಆನೇನೂ ಹೊರ್ಲಿ, ಮನುಷ್ಯರನ್ನ ಮಾತ್ರ ಹೊರೋದು ಬೇಡ ಎಂದು ಹೇಳಿದ್ದರು. ಮನೆಗೆ ಏಕೆಂದು ಕೇಳಿದ್ದಕ್ಕೆ ನಾನು ಬೀರುವಿನ ಬಾಗಿಲಿಗೆ ಎಂದೆ. ಅಕ್ಕ ದೇವ್ರ ಪಟಕ್ಕೂ ಲಾಕ್ ಹಾಕ್ತಾರೆ, ದೇವ್ರು ಬೇಜಾರಾಗಿ ಎದ್ದು ಹೋಗ್ಬಾರ್ದಲ್ಲ ಎಂದು ಎಲ್ಲರೆದುರು ತಮಾಷೆ ಮಾಡಿದರು. ನಾನು ಅದನ್ನು ಹಾಕಿದ್ದು ಬೀರುವಿಗಲ್ಲ, ಐದು ತಿಂಗಳ ಮೊಮ್ಮಗನ ತೊಟ್ಟಿಲಿನ ಹಗ್ಗಕ್ಕೆ.

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ನನ್ನ ಸೊಸೆ ನನ್ನನ್ನು ಕರೆದು, ಅತ್ತೆ, ನಿಮ್ಮ ಕೊಂಡಿ ಬಾಯಿ ಬಿಟ್ಕೊಂಡು ಕೂತಿದೆ ನೋಡಿ ಎಂದು ತೋರಿಸಿದಳು. ತೂಗಿ ತೂಗಿ ತಿರುಪು ತಾನಾಗಿಯೇ ಬಿಚ್ಚಿಕೊಂಡಿತ್ತು. ಹಗ್ಗದ ಕುಣಿಕೆ ಬಾಯಿಯ ಅಂಚಿಗೆ ಬಂದು ನಿಂತಿತ್ತು. ಮಗು ಒಳಗೆ ಮಲಗಿತ್ತು. ಸೊಸೆ ಮಗುವನ್ನು ಎತ್ತಿಕೊಂಡು, ದೇವ್ರ ಮುಂದೆ ಗಂಟೆಗಟ್ಲೆ ಕೂರ್ತೀರ, ಮೊಮ್ಮಗ ಮಲಗೋ ಹಗ್ಗದ ಕಡೆ ಒಂದ್ಸಲ ತಲೆ ಎತ್ತಿ ನೋಡಲ್ವಲ್ಲ ಎಂದಳು. ನನ್ನ ಮಗ, ಹೋಗ್ಲಿ ಬಿಡು, ಮಂಗಳವಾರ ಪೇಟೆಗೆ ಹೋದಾಗ ಹೊಸದು ತರ್ತೀನಿ, ಅಲ್ಲೀವರೆಗೂ ಮಗೂನ ಕೆಳಗೆ ಮಲಗ್ಸಿ ಎಂದ. ಹಾಗೇ ಮಾಡಬಹುದಿತ್ತು. ಕೆಳಗೆ ಚಾಪೆ ಇತ್ತು, ಮೆತ್ತನೆಯ ಹಾಸಿಗೆಯೂ ಇತ್ತು. ಆದರೆ ಸೊಸೆಯ ಮಾತು ನನಗೆ ಚುಚ್ಚಿತ್ತು. ಮರುದಿನವೇ ಒಳ್ಳೆಯ ಕೊಂಡಿ ತಂದು ಅವಳ ಮುಂದೆ ಹಾಕಬೇಕೆಂದು ಹಟ ಬಂತು.

ಅಂದು ಸಂಜೆ ಪಾತ್ರೆ ಉಜ್ಜುವ ಸ್ಟೀಲ್ ನಾರಿನಿಂದ ಆ ಕೊಂಡಿಯ ಕೆಂಪು ಬಣ್ಣವನ್ನು ಉಜ್ಜಿ ತೆಗೆದೆ. ತಿರುಪಿನ ಗೀರುಗಳ ಒಳಗೆ ಸ್ವಲ್ಪ ಉಳಿಯಿತು.

ಭಾನುವಾರ ಬೆಳಿಗ್ಗೆ ಎಂದಿನಂತೆ ದೇವರಿಗೆ ಕೈಮುಗಿದು, ಆ ಕೊಂಡಿಯನ್ನು ಊಟದ ಚೀಲದಲ್ಲಿಟ್ಟುಕೊಂಡು ಹೊರಟೆ. ಎಂಟು ಗಂಟೆಗೆ ಉಸ್ತುವಾರಿಯವರು ಹಲಗೆಯ ಮೊಳೆಗಳಿಗೆ ತೂಗುಹಾಕಿದ್ದ ಕೊಂಡಿಗಳನ್ನು ಒಂದೊಂದಾಗಿ ಇಳಿಸಿ, ಬಾಯಿ ತೆರೆದು ಮುಚ್ಚಿ, ತಿರುಪು ಸುತ್ತಿ ನೋಡಿದರು. ಇದನ್ನು ಅವರು ದಿನವೂ ಮಾಡುತ್ತಾರೆ, ಮಾಡುತ್ತಲೇ ಮಾತಾಡುತ್ತಾರೆ. ಅವರು ನೋಡಿ ಮುಗಿಸಿದ ಮೇಲೆ ನಾನು ಚಹಾ ಕೊಟ್ಟು, ಒಳಗೆ ಥಂಡಿ, ಬಿಸಿಲಲ್ಲಿ ಕೂತು ಕುಡೀರಿ ಎಂದು ಹೊರಗೆ ಕಳಿಸಿದೆ. ಅವರು ಒಂದು ಗುಟುಕು ಕುಡಿದು, ಏನಕ್ಕಾ, ಇವತ್ತು ಸಕ್ಕರೆ ಧಾರಾಳ, ಯಾವ ಪಾಪ ತೊಳ್ಕೊಳ್ತಿದ್ದೀರಿ ಎಂದರು. ನಾನೂ ನಕ್ಕೆ.

ಅವರು ಮೆಟ್ಟಿಲ ಮೇಲೆ ಕೂತಿದ್ದಾಗ ಹಲಗೆಯ ಮೂಲೆಯ ಮೊಳೆಯಿಂದ ಒಳ್ಳೆಯ ಕೊಂಡಿಯನ್ನು ತೆಗೆದು, ನನ್ನದನ್ನು ಅಲ್ಲಿ ಹಾಕಿದೆ. ಮೊಳೆ ಖಾಲಿ ಇದ್ದರೆ ಅವರು ಹುಡುಕುತ್ತಾರೆ, ಅದಕ್ಕೆ. ಆ ಮೊಳೆ ಬಾಗಿಲ ಹಿಂದೆ ಬರುತ್ತದೆ, ಸಾಮಾನ್ಯವಾಗಿ ಯಾರೂ ಅಲ್ಲಿಗೆ ಕೈ ಹಾಕುವುದಿಲ್ಲ. ಸೋಮವಾರ ಹಾಲ್‌ಗೆ ರಜೆ. ಮಂಗಳವಾರ ಮಗ ಹೊಸದು ತಂದರೆ ಬೆಳಿಗ್ಗೆಯೋ ಮಧ್ಯಾಹ್ನವೋ ಹೇಗಾದರೂ ಒಳ್ಳೆಯದನ್ನು ಮತ್ತೆ ಅದೇ ಮೊಳೆಗೆ ಇಟ್ಟುಬಿಡುವುದು, ನಡುವೆ ಇರುವುದು ಒಂದು ಭಾನುವಾರ ತಾನೇ ಎಂದು ಲೆಕ್ಕ ಹಾಕಿದ್ದೆ.

ಆ ಭಾನುವಾರ ಜನ ಹೆಚ್ಚು ಬಂದರು. ಟೈಲರಮ್ಮನ ಮಗಳಿಗೆ ಇಪ್ಪತ್ತು ವರ್ಷ, ಭಾನುವಾರ ಹೊಸಬರಿಗೆ ಹೇಳಿಕೊಡಲು ಬರುತ್ತಾಳೆ. ಎಲ್ಲರಿಗೂ ಪಟ್ಟಿ, ಕೊಂಡಿ ಕೊಟ್ಟು, ಉಳಿದದ್ದನ್ನು ತಾನು ತೆಗೆದುಕೊಳ್ಳುವ ಹುಡುಗಿ ಅವಳು. ಇದು ನನಗೆ ಗೊತ್ತಿತ್ತು. ಚಹಾ ಕೊಡುವಾಗಲೂ ಅವಳು ಹಾಗೆಯೇ, ಕೊನೆಯ ಲೋಟ ಅವಳದು.

ಬೆಳಿಗ್ಗೆ ಹನ್ನೊಂದು ಕಾಲಿಗೆ ನಾನು ನೆಲ ಒರೆಸುತ್ತಾ ಬಾಗಿಲ ಹತ್ತಿರ ಬಂದಾಗ ಮೂಲೆಯ ಮೊಳೆ ಖಾಲಿಯಾಗಿತ್ತು. ತಿರುಗಿ ನೋಡಿದೆ. ಅವಳು ಹದಿನೈದು ಅಡಿ ಮೇಲಿದ್ದಳು. ಕೆಳಗೆ ಮೇಷ್ಟರು ಹಗ್ಗ ಹಿಡಿದು ನಿಂತಿದ್ದರು. ನನಗೂ ಅವರಿಗೂ ನಡುವೆ ಹತ್ತು ಹೆಜ್ಜೆ ಇರಬಹುದು. ಅವಳು ಗೋಡೆಗೆ ಅಂಟಿಕೊಂಡು ನಿಂತು, ಕೆಳಗಿದ್ದ ಹೊಸಬರಿಗೆ ಕಾಲು ಎಲ್ಲಿಡಬೇಕೆಂದು ತೋರಿಸುತ್ತಿದ್ದಳು. ಕೂಗಲು ನನಗೆ ಸಮಯವಿತ್ತು. ಅಲ್ಲೇ ಇರು, ಗೋಡೆ ಬಿಡಬೇಡ ಎಂದರೆ ಸಾಕಿತ್ತು, ಯಾರಾದರೂ ಏಣಿ ತರುತ್ತಿದ್ದರು. ಕೂಗಿದರೆ ಏಕೆಂದು ಕೇಳುತ್ತಾರೆ, ಅಷ್ಟು ಜನರ ಮುಂದೆ ಕಳ್ಳಿಯಾಗುತ್ತೇನೆ ಎನಿಸಿತು. ನಾನು ಒರೆಸುವ ಕೋಲನ್ನು ಹಿಡಿದುಕೊಂಡು ದೇವರ ಹೆಸರು ಹೇಳಿಕೊಂಡೆ. ಅವಳ ಹೆಸರು ಹಿಡಿದು ಕೂಗಲಿಲ್ಲ.

ಅವಳು ಇಳಿಸಿ ಎಂದು ಹೇಳಿ ಹಿಂದಕ್ಕೆ ವಾಲಿ ಕೈ ಬಿಟ್ಟಳು. ಹಗ್ಗ ಮೇಲೆಯೇ ಉಳಿಯಿತು. ಅವಳು ಅರ್ಧ ಮೆತ್ತೆಯ ಮೇಲೆ, ಅರ್ಧ ನಾನು ಆಗತಾನೇ ಒರೆಸಿದ್ದ ನೆಲದ ಮೇಲೆ ಬಿದ್ದಳು. ಬಲಗಾಲು ಕೆಳಗೆ ಸಿಕ್ಕಿತ್ತು. ನಾನು ಅಡುಗೆಕೋಣೆಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ. ಎಲ್ಲರೂ ನನ್ನನ್ನು ನೀರಿಗೆ ಕೂಗಿದಾಗ ಅಲ್ಲಿಂದಲೇ ಬಂದವಳಂತೆ ನೀರು ತಂದೆ.

ಸಂಜೆ ಠಾಣೆಯವರು ಬಂದು ಆ ಕೊಂಡಿಯನ್ನು ಉಸ್ತುವಾರಿಯವರ ಕೈಗೆ ಕೊಟ್ಟು, ಇದು ನಿಮ್ಮ ಹಲಗೆಯದೋ ಎಂದು ಕೇಳಿದರು. ಅವರು ತಿರುಪನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಚಹಾ ತಟ್ಟೆ ಹಿಡಿದು ಬಾಗಿಲಲ್ಲಿದ್ದ ನನ್ನನ್ನು ನೋಡಿದರು. ಹಲಗೆ ನನ್ನ ಜವಾಬ್ದಾರಿ, ನನ್ನ ಕಣ್ತಪ್ಪು ಎಂದಷ್ಟೇ ಹೇಳಿದರು. ಅಷ್ಟು ಚಿಕ್ಕ ಮಾತನ್ನು ಅವರು ಆಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಇದಾದ ಮೇಲೆ ನಾನು ಸುಳ್ಳು ಹೇಳಿಕೆ ಕೊಟ್ಟೆ.

ಆ ರಾತ್ರಿ ಒಳ್ಳೆಯ ಕೊಂಡಿಯನ್ನು ತೊಟ್ಟಿಲಿಗೆ ಹಾಕಿದೆ. ಸೊಸೆ ಎರಡು ಸಲ ಜಗ್ಗಿ ನೋಡಿ, ಈಗ ನನಗೂ ನಿದ್ದೆ ಬರುತ್ತೆ ಅತ್ತೆ, ನಿನ್ನೆ ಏನೋ ಅಂದ್ಬಿಟ್ಟೆ, ಮನಸಲ್ಲಿ ಇಟ್ಕೋಬೇಡಿ ಎಂದಳು.

ನಿನ್ನೆ ಬೆಳಿಗ್ಗೆ ಹತ್ತು ಗಂಟೆಗೆ ಫ್ಲಾಸ್ಕ್‌ನಲ್ಲಿ ಹಾಲು ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ಹಿಮ್ಮಡಿ ಮತ್ತು ಸೊಂಟದ ಮೂಳೆ ಮುರಿದಿದೆ, ನಡೆಯಲು ತಿಂಗಳುಗಳು ಬೇಕು ಎಂದು ಡಾಕ್ಟರು ಹೇಳಿದ್ದಾರಂತೆ. ಹುಡುಗಿ ನನ್ನ ಕೈ ಹಿಡಿದುಕೊಂಡು, ದೊಡ್ಡಮ್ಮ, ನಾನೇ ತಿರುಪು ಬಿಗಿ ಮಾಡೋದು ಮರ್ತಿರ್ಬೇಕು, ಮೌನಿ ಮಾವನ್ನ ಬಿಡಿ ಅಂತ ಯಾರಾದ್ರೂ ಪೊಲೀಸರಿಗೆ ಹೇಳಿ ಎಂದಳು. ಟೈಲರಮ್ಮ ಹಾಸಿಗೆಯ ಪಕ್ಕದಲ್ಲೇ ನಿಂತು, ಇವಳು ಮೊದಲಿಂದ್ಲೂ ಹೀಗೆ, ನಲ್ಲಿ ತಿರುಗಿಸಿದ್ರೆ ನಿಲ್ಲಿಸಲ್ಲ, ಬಾಗಿಲು ತೆಗೆದ್ರೆ ಹಾಕಲ್ಲ, ತಾನೂ ಬಿದ್ಲು, ಪಾಪ ಆ ಮನುಷ್ಯನ್ನೂ ಬೀಳಿಸಿದ್ಲು ಎಂದು ಬೈದರು. ಹುಡುಗಿ ಕಣ್ಣು ಮುಚ್ಚಿಕೊಂಡು ಬೈಸಿಕೊಂಡಳು. ನಾನು ಹಾಲನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟು, ದೇವರಿದ್ದಾನೆ ಎಂದು ಹೇಳಿ ಬಂದೆ.

ಇವತ್ತು ಬೆಳಿಗ್ಗೆ ದೇವರ ಮುಂದೆ ಕೂತಾಗ ಹೇಳಿಕೊಳ್ಳಲು ಒಂದು ಮಾತೂ ಬರಲಿಲ್ಲ. ಎದ್ದು ತೊಟ್ಟಿಲಿನ ಕೊಂಡಿಯನ್ನು ಬಿಚ್ಚಿದೆ. ಸೊಸೆ ಏಕೆಂದು ಕೇಳಿದಳು. ಅವಳಿಗೆ ಮೊದಲು ಹೇಳಿ, ಆಮೇಲೆ ಇಲ್ಲಿಗೆ ಬಂದಿದ್ದೇನೆ. ಅವಳು ಮಗುವಿಗೆ ಚಾಪೆಯ ಮೇಲೆ ಹಾಸಿಗೆ ಹಾಸಿದಳು. ಒಳ್ಳೆಯ ಕೊಂಡಿಯನ್ನು ತಮ್ಮ ಮೇಜಿನ ಮೇಲೆ ಇಟ್ಟಿದ್ದೇನೆ. ನಾನು ಒಳಗೆ ಬರುವಾಗ ಉಸ್ತುವಾರಿಯವರು ಇವತ್ತೂ ಅದೇ ಬೆಂಚಿನ ಮೇಲಿದ್ದರು. ಮನೆಗೆ ಹೋಗಿ ಅಕ್ಕಾ, ತೊಟ್ಟಿಲಲ್ಲಿ ಮೊಮ್ಮಗ ಅಳ್ತಿರ್ತಾನೆ ಎಂದರು. ತೊಟ್ಟಿಲಿನ ವಿಷಯ ನಾನು ಅವರಿಗೆ ಎಂದೂ ಹೇಳಿರಲಿಲ್ಲ.

ಈ ಹೇಳಿಕೆಯನ್ನು ನನಗೆ ಓದಿ ಹೇಳಿದರು. ಬರೆದುಕೊಂಡ ಸಾಹೇಬರು ನನ್ನ ವಯಸ್ಸು ನೋಡಿ, ಅಪಾಯವೆಂದು ತಿಳಿಯದೆ ಕೊಂಡಿಯನ್ನು ಬದಲಾಯಿಸಿದೆ ಎಂದು ಒಂದು ಕಡೆ ಸೇರಿಸಿದ್ದರು. ಹಾಗಿದ್ದರೆ ನಿಮಗೇ ಒಳ್ಳೆಯದು ಎಂದೂ ಹೇಳಿದರು. ಅದರ ಬಾಯಿ ತೆರೆದುಕೊಳ್ಳುವುದನ್ನು ನಾನು ಹಿಂದಿನ ದಿನವೇ ನನ್ನ ಮೊಮ್ಮಗನ ತಲೆಯ ಮೇಲೆ ಕಂಡಿದ್ದೆ. ಆದ್ದರಿಂದ ಆ ಸಾಲನ್ನು ಹೊಡೆದು ಹಾಕಿಸಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ನಿಜವಿದೆ. ಹೊಡೆದು ಹಾಕಿದ ಸಾಲಿನ ಪಕ್ಕದಲ್ಲಿ ಒಂದು, ಕೆಳಗೆ ಒಂದು, ಎರಡು ಕಡೆ ನನ್ನ ಕೈಯಾರೆ ಸಹಿ ಮಾಡಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನ: ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆ
ಹೇಳಿಕೆ ಕೊಟ್ಟವಳ ಸಹಿ